ಹಾರ್ನ್ ಮೊದಲು, ಡ್ರಮ್ ಆಮೇಲೆ

ಕಂಪ್ಯೂಟರಿನಲ್ಲಿ ಆರ್ಗನ್ ಪ್ಲಗಿನ್ ತೆರೆದವರ ಕೈ ಮೊದಲು ಹೋಗುವುದು ಡ್ರಾಬಾರ್‌ಗಳ ಮೇಲೆ. ಒಂಬತ್ತು ಪಟ್ಟಿಗಳು ಕಣ್ಣೆದುರಿಗೇ ಇರುತ್ತವೆ. ಎಳೆದರೆ ನಾದ ತುಂಬಿಕೊಳ್ಳುತ್ತದೆ, ಒಳಕ್ಕೆ ತಳ್ಳಿದರೆ ತೆಳುವಾಗುತ್ತದೆ, ಮಾಡಿದ್ದರ ಫಲ ಆ ಕ್ಷಣವೇ ಕಿವಿಗೆ ಸಿಗುತ್ತದೆ. ಅದೇ ಪರದೆಯ ಮೂಲೆಯಲ್ಲೋ ಹಿಂದಿನ ಪುಟದಲ್ಲೋ ‘ರೋಟರಿ’ ಎಂದೋ ‘ಕ್ಯಾಬಿನೆಟ್’ ಎಂದೋ ಬರೆದ ಇನ್ನೊಂದು ಭಾಗವಿರುತ್ತದೆ. ಸ್ಲೋ, ಫಾಸ್ಟ್ ಎಂಬ ಗುಂಡಿಯೊಂದನ್ನು ಬಿಟ್ಟರೆ ಅಲ್ಲಿ ಕೈಯಾಡಿಸುವವರು ಕಡಿಮೆ. ಪ್ಲಗಿನ್ ಮಾಡಿದವರು ಕೊಟ್ಟ ಹೊಂದಿಕೆಯೇ ಕೊನೆಯವರೆಗೂ ಉಳಿದುಬಿಡುತ್ತದೆ. ‘ಹ್ಯಾಮಂಡ್ ಸೌಂಡ್’ ಎಂದು ನಾವು ಗುರುತಿಸುವ ನಾದದ ಅರ್ಧ ಪಾಲು ಇರುವುದು ಆ ಭಾಗದಲ್ಲೇ. ಆ ಅರ್ಧದಲ್ಲೂ ಎಲ್ಲಕ್ಕಿಂತ ಮುಖ್ಯವಾದದ್ದು ವೇಗ ಬದಲಾಗಲು ಎಷ್ಟು ಸಮಯ ಹಿಡಿಯಬೇಕು ಎಂಬ ಹೊಂದಿಕೆ. ವೇಗ ಎಷ್ಟಿರಬೇಕೆಂಬುದು ಅದರ ನಂತರದ ಮಾತು.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಚರ್ಚ್‌ಗಳ ಗಾಯನ ತಂಡದಲ್ಲಿ, ಗಣೇಶೋತ್ಸವದ ರಸಮಂಜರಿಯಲ್ಲಿ, ಮನೆಯ ಒಂದು ಕೋಣೆಯಲ್ಲೇ ಸ್ಟುಡಿಯೊ ಮಾಡಿಕೊಂಡು ಹಾಡು ಕಟ್ಟುವ ಹುಡುಗ ಹುಡುಗಿಯರ ಲ್ಯಾಪ್‌ಟಾಪ್‌ಗಳಲ್ಲಿ ಈಗ ಆರ್ಗನ್ ನಾದ ಸಿಗುತ್ತದೆ. ಕೀಬೋರ್ಡ್ ನುಡಿಸುವವರಲ್ಲಿ ಬಹುಪಾಲು ಜನ ನಿಜವಾದ ತಿರುಗು ಸ್ಪೀಕರನ್ನು ಕಣ್ಣಾರೆ ಕಂಡಿರುವುದಿಲ್ಲ. ಕಾಣದ ಯಂತ್ರದ ಗುಂಡಿಗಳನ್ನು ಹೊಂದಿಸುವುದು ಕಷ್ಟ. ಆದ್ದರಿಂದ ಮೊದಲು ಆ ಮರದ ಪೆಟ್ಟಿಗೆಯ ಬಾಗಿಲು ತೆರೆದು ನೋಡೋಣ.

ಅಮೆರಿಕದ ಲಾರೆನ್ಸ್ ಹ್ಯಾಮಂಡ್ ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದ ಎಂಜಿನಿಯರ್. ಗಡಿಯಾರದ ಮುಳ್ಳನ್ನು ತಪ್ಪದೆ ಒಂದೇ ವೇಗದಲ್ಲಿ ತಿರುಗಿಸುವ ಸಿಂಕ್ರೊನಸ್ ಮೋಟಾರನ್ನೇ ಬಳಸಿ ಆತ ವಾದ್ಯವೊಂದನ್ನು ಕಟ್ಟಿದ. ಅಂಚಿನಲ್ಲಿ ಏರುತಗ್ಗುಗಳಿರುವ ಲೋಹದ ಚಕ್ರಗಳು ಅಯಸ್ಕಾಂತದ ಮುಂದೆ ತಿರುಗುತ್ತವೆ, ಅಯಸ್ಕಾಂತಕ್ಕೆ ಸುತ್ತಿದ ತಂತಿಸುರುಳಿಯಲ್ಲಿ ವಿದ್ಯುತ್ ಅಲೆ ಏಳುತ್ತದೆ, ಅದೇ ಸ್ವರ. ಮೊದಲ ಮಾದರಿ 1935ರಲ್ಲಿ ಮಾರುಕಟ್ಟೆಗೆ ಬಂತು. 1950ರ ದಶಕದಲ್ಲಿ ಬಂದ, ಈಗ ಬಹುಪಾಲು ಪ್ಲಗಿನ್‌ಗಳು ಅನುಸರಿಸುವ ಬಿ-3 ಮಾದರಿಯಲ್ಲಿ ಇಂಥ 91 ಚಕ್ರಗಳಿದ್ದವು. ದುಬಾರಿ ಕೊಳವೆ ಆರ್ಗನ್ ಕೊಳ್ಳಲಾಗದ ಚರ್ಚ್‌ಗಳು ಇದನ್ನು ಕೊಂಡವು.

ಆದರೆ ಕೊಳವೆ ಆರ್ಗನ್ನಿನ ಒಂದು ಗುಣ ಇದರಲ್ಲಿರಲಿಲ್ಲ. ಅಲ್ಲಿ ಪ್ರತಿ ಸ್ವರವೂ ಬೇರೆ ಬೇರೆ ಜಾಗದಲ್ಲಿ ನಿಂತ ಬೇರೆ ಬೇರೆ ಕೊಳವೆಯಿಂದ ಹೊರಡುತ್ತದೆ. ಸಭಾಂಗಣವೇ ನುಡಿಯುವಂತೆ ಭಾಸವಾಗುತ್ತದೆ. ಹ್ಯಾಮಂಡ್‌ನ ಸ್ವರಗಳೆಲ್ಲ ಒಂದೇ ಸ್ಪೀಕರಿನಿಂದ, ಒಂದೇ ದಿಕ್ಕಿಗೆ, ಕಿಂಚಿತ್ತೂ ಅಲುಗದೆ ಹೊರಬರುತ್ತಿದ್ದವು. ಡಾನ್ ಲೆಸ್ಲಿ ಎಂಬ ಕ್ಯಾಲಿಫೋರ್ನಿಯಾದ ಯುವಕನಿಗೆ ಇದು ತಟ್ಟಿದ್ದು 1937ರಲ್ಲಿ. ಅಂಗಡಿಯ ದೊಡ್ಡ ಹಾಲ್‌ನಲ್ಲಿ ಮನಸೆಳೆದ ಆರ್ಗನ್ ಮನೆಗೆ ಬಂದ ಮೇಲೆ ಸಪ್ಪೆಯಾಗಿ ಕೇಳಿಸಿತು. ಸ್ಪೀಕರಿನ ನಾದವನ್ನು ತಿರುಗಿಸಿ ಎಲ್ಲ ಗೋಡೆಗಳಿಗೂ ಹಾಯಿಸಿದರೆ ಹೇಗೆ ಎಂದು ಆತ ಪ್ರಯೋಗ ಮಾಡಿದ. ಸಿದ್ಧವಾದ ಪೆಟ್ಟಿಗೆಯನ್ನು ಹ್ಯಾಮಂಡ್ ಕಂಪನಿಗೆ ತೋರಿಸಿದ, ಅವರು ಬೇಡವೆಂದರು. 1941ರ ಹೊತ್ತಿಗೆ ತಾನೇ ತಯಾರಿಸಿ ಮಾರತೊಡಗಿದ. ಆರ್ಗನ್ ಮಾಡಿದ ಕಂಪನಿ ಬಹುಕಾಲ ಒಪ್ಪದೇ ಹೋದ ಪೆಟ್ಟಿಗೆಯನ್ನು ಆರ್ಗನ್ ನುಡಿಸುವವರು ಬಿಡಲಿಲ್ಲ. ಜಾಝ್‌ನ ಜಿಮ್ಮಿ ಸ್ಮಿತ್‌ನಿಂದ ಹಿಡಿದು ಕರಿಯರ ಚರ್ಚ್‌ಗಳ ಗಾಸ್ಪೆಲ್ ವಾದಕರವರೆಗೆ ಹ್ಯಾಮಂಡ್ ಎಂದರೆ ಪಕ್ಕದಲ್ಲೊಂದು ಲೆಸ್ಲಿ ಇದ್ದೇ ಇರಬೇಕು ಎಂಬಂತಾಯಿತು. 1965ರಲ್ಲಿ ಲೆಸ್ಲಿ ತನ್ನ ಕಂಪನಿಯನ್ನು ಸಿಬಿಎಸ್‌ಗೆ ಮಾರಿದ. 1980ರಲ್ಲಿ ಅದು ಹ್ಯಾಮಂಡ್ ಪಾಲಿಗೇ ಬಂತು. ಈಗ ಎರಡು ಹೆಸರುಗಳೂ ವಾದ್ಯ ತಯಾರಿಸುವ ಜಪಾನಿನ ಸುಝುಕಿ ಸಂಸ್ಥೆಯ ಬಳಿ ಇವೆ.

ಪೆಟ್ಟಿಗೆಯ ಒಳಗೆ ಏನಿದೆ? ಅತಿ ಹೆಚ್ಚು ಅನುಕರಣೆಗೊಂಡ 122 ಎಂಬ ಮಾದರಿಯನ್ನೇ ತೆಗೆದುಕೊಳ್ಳೋಣ. ಮೀಟರಿಗಿಂತ ತುಸು ಎತ್ತರದ ಮರದ ಬೀರು. ಅದರೊಳಗೆ 40 ವಾಟ್‌ನ ವಾಲ್ವ್ ಆಂಪ್ಲಿಫೈಯರ್. ಆಂಪ್ಲಿಫೈಯರಿನಿಂದ ಬಂದ ನಾದ 800 ಹರ್ಟ್ಸ್ ಎಂಬ ಗಡಿಯಲ್ಲಿ ಎರಡಾಗಿ ಒಡೆಯುತ್ತದೆ. ಗಡಿಯ ಮೇಲಿನದು ಬೀರುವಿನ ಮೇಲಂತಸ್ತಿನ ಹಾರ್ನ್‌ಗೆ ಹೋಗುತ್ತದೆ. ಹಾರ್ನ್‌ಗೆ ಎರಡು ಬಾಯಿಗಳು. ನಾದ ಬರುವುದು ಒಂದರಿಂದ ಮಾತ್ರ, ಇನ್ನೊಂದು ತೂಕ ಸರಿದೂಗಿಸಲು ಇಟ್ಟ ಖಾಲಿ ಬಾಯಿ. ಗಡಿಯ ಕೆಳಗಿನ ನಾದ 15 ಇಂಚಿನ ಸ್ಪೀಕರಿಗೆ ಹೋಗುತ್ತದೆ. ಆ ಸ್ಪೀಕರ್ ನೆಲಕ್ಕೆ ಮುಖಮಾಡಿ ಮಲಗಿರುತ್ತದೆ, ಅದು ತಿರುಗುವುದಿಲ್ಲ. ಅದರ ಕೆಳಗಿರುವ ಡ್ರಮ್ ತಿರುಗುತ್ತದೆ. ಡ್ರಮ್ಮಿನೊಳಗಿನ ಓರೆಯಾದ ದಾರಿ ನಾದವನ್ನು ಪಕ್ಕಕ್ಕೆ ತಿರುಗಿಸಿ ಹೊರಗೆ ಎಸೆಯುತ್ತದೆ. ಹಾರ್ನ್ ಒಂದು ದಿಕ್ಕಿಗೆ, ಡ್ರಮ್ ಅದರ ವಿರುದ್ಧ ದಿಕ್ಕಿಗೆ ಸುತ್ತುತ್ತವೆ. ಎರಡಕ್ಕೂ ಬೇರೆ ಬೇರೆ ಮೋಟಾರು, ಬೇರೆ ಬೇರೆ ಬೆಲ್ಟು.

ಹಾರ್ನ್ ತಿರುಗಿದಾಗ ಏನಾಗುತ್ತದೆ ಎಂಬುದನ್ನು 1842ರಲ್ಲೇ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ್ದ. ಸದ್ದಿನ ಮೂಲ ನಮ್ಮತ್ತ ಬಂದರೆ ಶ್ರುತಿ ಏರುತ್ತದೆ, ದೂರ ಸರಿದರೆ ಇಳಿಯುತ್ತದೆ. ನಿಲ್ಲದೆ ಹಾದುಹೋಗುವ ರೈಲಿನ ಸೀಟಿಯಲ್ಲಿ ಇದನ್ನು ಎಲ್ಲರೂ ಕೇಳಿರುತ್ತೇವೆ. ಹಾರ್ನ್‌ನ ಬಾಯಿ ಅಚ್ಚಿನಿಂದ ಸುಮಾರು 18 ಸೆಂಟಿಮೀಟರ್ ದೂರದಲ್ಲಿ ತಿರುಗುತ್ತದೆ ಎಂದುಕೊಳ್ಳಿ. ವೇಗದ ಸುತ್ತಿನಲ್ಲಿ ಅದು ನಿಮಿಷಕ್ಕೆ ಸರಿಸುಮಾರು 400 ಬಾರಿ ಸುತ್ತುತ್ತದೆ. ಲೆಕ್ಕ ಹಾಕಿದರೆ ಬಾಯಿಯ ವೇಗ ಸೆಕೆಂಡಿಗೆ ಏಳೂವರೆ ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಶ್ರುತಿ ಶೇ 2ಕ್ಕೆ ತುಸು ಹೆಚ್ಚು ಮೇಲೆ, ಅಷ್ಟೇ ಕೆಳಗೆ ತೂಗುತ್ತದೆ. ಸಂಗೀತದ ಅಳತೆಯಲ್ಲಿ ಇದು ಎರಡೂ ಕಡೆಗೆ 40 ಸೆಂಟ್‌ಗಳ ಹತ್ತಿರ. ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರಕ್ಕೆ 100 ಸೆಂಟ್. ನಿಧಾನದ ಸುತ್ತಿನಲ್ಲಿ, ಎಂದರೆ ನಿಮಿಷಕ್ಕೆ 40ರಿಂದ 50 ಸುತ್ತಿನಲ್ಲಿ, ಈ ತೂಗಾಟ ಐದು ಸೆಂಟ್ ಅಷ್ಟೆ. ಶ್ರುತಿ ಅಲುಗಿತೆಂದು ಅನ್ನಿಸುವುದಿಲ್ಲ, ನಾದ ಉಸಿರಾಡುತ್ತಿದೆ ಎನ್ನಿಸುತ್ತದೆ.

ಶ್ರುತಿಯೊಂದೇ ಬದಲಾಗುವುದಲ್ಲ. ಬಾಯಿ ನಮ್ಮೆಡೆಗಿದ್ದಾಗ ಜೋರು, ಹಿಂದಕ್ಕೆ ಹೋದಾಗ ಮೆಲ್ಲಗೆ. ಹೆಚ್ಚು ಕಂಪನಾಂಕದ ನಾದ ನೇರಕ್ಕೆ ಮಾತ್ರ ಹರಿಯುವುದರಿಂದ ಬಾಯಿ ಹಿಂದಕ್ಕೆ ತಿರುಗಿದಾಗ ನಾದದ ಹೊಳಪೂ ಮಂಕಾಗುತ್ತದೆ. ಕೋಣೆಯ ಗೋಡೆಗಳಿಗೆ ಬಡಿದು ಬರುವ ಪ್ರತಿಧ್ವನಿಗಳ ಪಾಡು ಇನ್ನೂ ಬೇರೆ: ಹಾರ್ನ್ ನಮ್ಮಿಂದ ದೂರ ಸರಿಯುತ್ತಿರುವಾಗಲೇ ಹಿಂದಿನ ಗೋಡೆಯತ್ತ ಸಾಗುತ್ತಿರುತ್ತದೆ. ನೇರವಾಗಿ ಬಂದ ನಾದದ ಶ್ರುತಿ ಇಳಿದಿದ್ದರೆ ಗೋಡೆಯಿಂದ ಬಂದದ್ದರ ಶ್ರುತಿ ಏರಿರುತ್ತದೆ. ಎರಡೂ ಒಟ್ಟಿಗೆ ಕಿವಿ ತಲುಪುತ್ತವೆ. ಒಂದೇ ಸ್ವರದ ಹಲವು ರೂಪಗಳು ಹೀಗೆ ಒಮ್ಮೆಗೇ ಕೇಳಿಬರುವುದರಲ್ಲಿ ಲೆಸ್ಲಿಯ ಸೊಗಸಿದೆ. ವಾಲ್ಯೂಮನ್ನು ಏರಿಸಿ ಇಳಿಸುವ ಸಾಮಾನ್ಯ ಟ್ರೆಮೊಲೊ ಎಫೆಕ್ಟ್ ಇದರ ಹತ್ತಿರಕ್ಕೂ ಬಾರದಿರುವುದು ಇದೇ ಕಾರಣಕ್ಕೆ. 1966ರಲ್ಲಿ ಬೀಟಲ್ಸ್ ತಂಡ ‘ಟುಮಾರೊ ನೆವರ್ ನೋಸ್’ ಹಾಡಿನಲ್ಲಿ ಜಾನ್ ಲೆನನ್‌ನ ಕಂಠವನ್ನೇ ಈ ಪೆಟ್ಟಿಗೆಯ ಮೂಲಕ ಹಾಯಿಸಿತು. ಆರ್ಗನ್ನಿಗೆ ಹುಟ್ಟಿದ ಪೆಟ್ಟಿಗೆ ಆ ಹೊತ್ತಿಗೆ ಸ್ವತಂತ್ರ ವಾದ್ಯವಾಗಿತ್ತು.

ಕೆಳಗಿನ ಡ್ರಮ್ಮಿನ ಕಥೆ ಸರಳ. ಮಂದ್ರದ ನಾದ ಎಲ್ಲ ದಿಕ್ಕಿಗೂ ಹರಡುವಂಥದ್ದು, ಡ್ರಮ್ ತಿರುಗಿದರೂ ಅದರ ಶ್ರುತಿ ಅಷ್ಟಾಗಿ ಅಲುಗುವುದಿಲ್ಲ. ಅಲ್ಲಿ ಕೇಳಿಸುವುದು ಮುಖ್ಯವಾಗಿ ಜೋರು ಮೆಲ್ಲಗಿನ ಮಿಡಿತ.

ಇಷ್ಟನ್ನೂ ಸಾಫ್ಟ್‌ವೇರ್ ಮಾಡುವ ಬಗೆ ನನಗೆ ಇಂದಿಗೂ ಬೆರಗು. ಹಾರ್ನ್‌ನ ಬಾಯಿ ಹತ್ತಿರದ ತುದಿಯಿಂದ ದೂರದ ತುದಿಗೆ ಹೋದಾಗ ದಾರಿಯ ವ್ಯತ್ಯಾಸ 36 ಸೆಂಟಿಮೀಟರ್. ಶಬ್ದ ಅಷ್ಟು ದೂರ ಸಾಗಲು ಬೇಕಾದದ್ದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಆದ್ದರಿಂದ ನಾದವನ್ನು ಒಂದು ಮಿಲಿಸೆಕೆಂಡಿನಷ್ಟು ಹಿಗ್ಗಿಸಿ ಕುಗ್ಗಿಸಿ ತಡಮಾಡಿದರೆ ಡಾಪ್ಲರ್ ಪರಿಣಾಮ ತಾನಾಗಿ ಹುಟ್ಟುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೂಲಿಯಸ್ ಸ್ಮಿತ್ ಮತ್ತು ಸಂಗಡಿಗರು ಈ ಲೆಕ್ಕವನ್ನು 2002ರಲ್ಲಿ ವಿವರವಾಗಿ ಪ್ರಕಟಿಸಿದರು. ಅದಕ್ಕೂ ಮೊದಲೇ, 2000ದ ಹೊತ್ತಿಗೆ, ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಬಿ4 ಬಂದಿತ್ತು. ಆಮೇಲೆ ಇಟಲಿಯಲ್ಲಿ ರೂಪುಗೊಂಡ ವಿಬಿ3, ಆರ್ಟೂರಿಯಾದ ಬಿ-3 ವಿ, ಹ್ಯಾಮಂಡ್ ಸಂಸ್ಥೆಯ ಜೊತೆಗೂಡಿ ಐಕೆ ಮಲ್ಟಿಮೀಡಿಯಾ ತಂದ ಬಿ-3ಎಕ್ಸ್ ಬಂದವು. ಲಾಜಿಕ್ ಪ್ರೊದ ಒಳಗೇ ಒಂದು ಆರ್ಗನ್ ಇದೆ. ಸೆಟ್‌ಬಿಫ್ರೀ ಎಂಬುದು ಕಾಸಿಲ್ಲದೆ ಸಿಗುವ ಮುಕ್ತ ತಂತ್ರಾಂಶ. ಗುಂಡಿಗಳ ಹೆಸರು, ಜಾಗ ಒಂದೊಂದರಲ್ಲಿ ಒಂದೊಂದು ಬಗೆ. ಎಲ್ಲವೂ ಅನುಕರಿಸುವ ಪೆಟ್ಟಿಗೆ ಮಾತ್ರ ಒಂದೇ ಆದ್ದರಿಂದ ಮುಂದೆ ಹೇಳುವ ಮಾತು ಎಲ್ಲದಕ್ಕೂ ಹೊಂದುತ್ತದೆ.

ಇಲ್ಲೊಂದು ಮಾತು, ಭಾರತದವರಿಗೆ ಸಂಬಂಧಿಸಿದ್ದು. ಹ್ಯಾಮಂಡ್‌ನ ಚಕ್ರಗಳ ವೇಗ ಮನೆಗೆ ಬರುವ ಕರೆಂಟಿನ ಆವರ್ತನವನ್ನು ಅವಲಂಬಿಸಿತ್ತು. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಅಲ್ಲಿಗೆಂದು ಮಾಡಿದ ಆರ್ಗನ್ನನ್ನು ಹಾಗೆಯೇ ಇಲ್ಲಿ ಪ್ಲಗ್ಗಿಗೆ ಚುಚ್ಚಿದರೆ ಎಲ್ಲ ಸ್ವರಗಳೂ ಆರರಲ್ಲಿ ಒಂದು ಭಾಗ ಇಳಿಯುತ್ತವೆ: ಷಡ್ಜ ಒತ್ತಿದರೆ ಅದರ ಕೆಳಗಿನ ಚತುಶ್ರುತಿ ಧೈವತ ಕೇಳುತ್ತದೆ. ಬೆಂಚು, ಪೆಡಲ್ ಸೇರಿ 190 ಕಿಲೊ ತೂಗುವ ವಾದ್ಯವನ್ನು ಸಮುದ್ರ ದಾಟಿಸಿದ ಮೇಲೆ ಅದಕ್ಕೊಂದು ಆವರ್ತನ ಬದಲಿಸುವ ಯಂತ್ರವೂ ಬೇಕಿತ್ತು. ಲೆಸ್ಲಿಯ ಮೋಟಾರೂ ಆವರ್ತನಕ್ಕೆ ತಕ್ಕಂತೆಯೇ ಓಡುವಂಥದ್ದು. ಈ ತಾಪತ್ರಯದಿಂದ ನಮ್ಮನ್ನು ಪೂರ್ತಿ ಬಿಡಿಸಿದ್ದು ಸಾಫ್ಟ್‌ವೇರ್. ಇಲ್ಲಿಯ ವಾದಕರಿಗೆ ಪ್ಲಗಿನ್ ಅಸಲಿಯ ಬಡ ಬದಲಿ ಎಂದು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ಈಗ ಹೊಂದಿಕೆಗೆ ಬರೋಣ. ವೇಗದಿಂದ ಶುರುಮಾಡಿದರೆ ಹೆಚ್ಚು ತಲೆಬಿಸಿಯಿಲ್ಲ. ಹಾರ್ನ್‌ಗೆ ನಿಧಾನದಲ್ಲಿ ಸೆಕೆಂಡಿಗೆ 0.7ರಿಂದ 0.8 ಸುತ್ತು, ವೇಗದಲ್ಲಿ 6.5ರಿಂದ 7 ಸುತ್ತು ಇಟ್ಟರೆ ಅಸಲಿ ಪೆಟ್ಟಿಗೆಯ ಹತ್ತಿರವಿರುತ್ತೀರಿ. ಪ್ಲಗಿನ್ ನಿಮಿಷದ ಲೆಕ್ಕದಲ್ಲಿ ಕೇಳಿದರೆ ಇದನ್ನೇ 60ರಿಂದ ಗುಣಿಸಿ. ಡ್ರಮ್ಮಿನ ವೇಗದ ಸುತ್ತನ್ನು ಹಾರ್ನ್‌ಗಿಂತ ಕಡಿಮೆ ಇಡಿ, ನಿಮಿಷಕ್ಕೆ 340ರ ಸುತ್ತಮುತ್ತ. ಎರಡೂ ಒಂದೇ ವೇಗದಲ್ಲಿರಬಾರದು. ಒಂದೇ ವೇಗದಲ್ಲಿದ್ದರೆ ಎರಡರ ಮಿಡಿತಗಳು ಒಂದಕ್ಕೊಂದು ಅಂಟಿಕೊಂಡು ಯಾಂತ್ರಿಕವಾಗುತ್ತವೆ. ಅಸಲಿ ಲೆಸ್ಲಿಯಲ್ಲೂ ಹಾರ್ನ್ ಮೋಟಾರಿನ ಪುಲ್ಲಿಗೆ ಮೂರು ಮೆಟ್ಟಿಲುಗಳಿದ್ದು, ಬೆಲ್ಟನ್ನು ಒಂದರಿಂದ ಇನ್ನೊಂದಕ್ಕೆ ಸರಿಸಿ ವೇಗವನ್ನು ತುಸು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಇಂತಿಷ್ಟೇ ಸರಿ ಎಂಬ ಅಂಕಿ ಇಲ್ಲ. ಹಾಡಿನ ಲಯಕ್ಕೆ ಸುತ್ತನ್ನು ಸರಿಯಾಗಿ ಜೋಡಿಸುವ ಸಿಂಕ್ ಗುಂಡಿ ಕೆಲವು ಪ್ಲಗಿನ್‌ಗಳಲ್ಲಿದೆ. ಅದನ್ನು ಆಫ್ ಮಾಡಿಬಿಡಿ. ತಿರುಗು ಸ್ಪೀಕರಿಗೆ ತಾಳ ಗೊತ್ತಿರಲಿಲ್ಲ, ತಾಳದಿಂದ ತಪ್ಪಿ ತೇಲುವುದರಿಂದಲೇ ಅದು ಬೇಸರ ತರುವುದಿಲ್ಲ.

ಮುಖ್ಯ ವಿಷಯ ವೇಗದ ಬದಲಾವಣೆ. ಪ್ಲಗಿನ್‌ಗಳಲ್ಲಿ ಇದಕ್ಕೆ ಆಕ್ಸಲರೇಶನ್, ಡಿಸಲರೇಶನ್, ರ‍್ಯಾಂಪ್ ಮುಂತಾದ ಹೆಸರುಗಳಿವೆ. ಸ್ವಿಚ್ ಒತ್ತಿದ ಕೂಡಲೇ ಮೋಟಾರು ವೇಗ ಬದಲಿಸಲು ಹೊರಡುತ್ತದೆ, ಆದರೆ ಭಾರ ಬಿಡಬೇಕಲ್ಲ. ಹಾರ್ನ್ ಹಗುರ, ಸುಮಾರು ಒಂದು ಸೆಕೆಂಡಿನಲ್ಲಿ ಪೂರ್ತಿ ವೇಗ ಹಿಡಿಯುತ್ತದೆ, ಇಳಿಯಲು ಅದಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಡ್ರಮ್ ದೊಡ್ಡದು, ಭಾರವಾದದ್ದು. ಬೀಸುವ ಕಲ್ಲಿನಂತೆ ಅದು ಮೊದಲ ಸುತ್ತಿಗೆ ತಿಣುಕುತ್ತದೆ, ಓಟ ಹಿಡಿದ ಮೇಲೆ ಕೈಬಿಟ್ಟರೂ ಸುತ್ತುತ್ತಲೇ ಇರುತ್ತದೆ. ಪೂರ್ತಿ ವೇಗಕ್ಕೆ ಬರಲು ನಾಲ್ಕೈದು ಸೆಕೆಂಡು, ಬೆಲ್ಟು ಸಡಿಲವಿದ್ದರೆ ಇನ್ನೂ ಹೆಚ್ಚು. ಈ ಅಂತರದಲ್ಲಿ ಮೇಲೆ ಒಂದು ವೇಗ, ಕೆಳಗೆ ಇನ್ನೊಂದು ವೇಗ. ಎಡಗೈಯ ಸ್ವರಗಳು ಇನ್ನೂ ನಿಧಾನಕ್ಕೆ ತೂಗುತ್ತಿರುವಾಗಲೇ ಬಲಗೈಯ ಸ್ವರಗಳು ಮಿನುಗತೊಡಗುತ್ತವೆ. ಕೇಳುಗರ ಮೈ ಜುಮ್ಮೆನ್ನುವುದು ಈ ನಾಲ್ಕು ಸೆಕೆಂಡುಗಳಲ್ಲಿ. ಪೂರ್ತಿ ವೇಗ ಬಂದ ಮೇಲೆ ಅದು ಬರೀ ಕಂಪನ.

ಅಗ್ಗದ ಕೀಬೋರ್ಡುಗಳ ರೋಟರಿ ಎಫೆಕ್ಟ್ ನಿರಾಸೆ ತರುವುದು ಇಲ್ಲೇ. ಅವುಗಳಲ್ಲಿ ಹಲವು ಹಾರ್ನ್ ಮತ್ತು ಡ್ರಮ್ ಎರಡನ್ನೂ ಒಂದೇ ಎಂದು ಎಣಿಸಿ ಒಟ್ಟಿಗೆ ಏರಿಸುತ್ತವೆ, ಒಟ್ಟಿಗೆ ಇಳಿಸುತ್ತವೆ. ನಿಮ್ಮ ಪ್ಲಗಿನ್ನಿನಲ್ಲಿ ಎರಡಕ್ಕೂ ಬೇರೆ ಬೇರೆ ಗುಂಡಿಗಳಿದ್ದರೆ ಮೊದಲು ಕೈ ಅಲ್ಲಿಗೆ ಹೋಗಲಿ. ಹಾರ್ನ್ ಏರಲು ಒಂದು ಸೆಕೆಂಡ್, ಇಳಿಯಲು ಒಂದೂವರೆ. ಡ್ರಮ್ ಏರಲು ಐದು, ಇಳಿಯಲೂ ಹೆಚ್ಚು ಕಡಿಮೆ ಅಷ್ಟೇ. ಇದು ಶುರುಮಾಡಲು ಒಳ್ಳೆಯ ಜಾಗ. ಶೇಕಡಾವಾರು ಅಂಕಿ ಮಾತ್ರ ಕೊಟ್ಟಿದ್ದರೆ ಗಡಿಯಾರ ನೋಡಿಕೊಂಡು ಎಣಿಸಿ. ಎರಡನ್ನೂ ಜೋಡಿಸಿದ ‘ಲಿಂಕ್’ ಗುಂಡಿ ಇದ್ದರೆ ಬಿಡಿಸಿ. ಕೆಲವು ವಾದಕರು ಅಸಲಿ ಪೆಟ್ಟಿಗೆಯಲ್ಲಿ ಕೆಳಗಿನ ಡ್ರಮ್ಮನ್ನು ನಿಲ್ಲಿಸಿಯೇ ನುಡಿಸುತ್ತಿದ್ದರು, ಮಂದ್ರ ಕದಲದೆ ನಿಲ್ಲಲಿ ಎಂದು. ಗಿಟಾರ್, ಬಾಸ್ ಎಲ್ಲ ಇರುವ ದೊಡ್ಡ ತಂಡದಲ್ಲಿ ಅದೂ ಒಳ್ಳೆಯ ಉಪಾಯ.

ಹಾರ್ನ್ ಮತ್ತು ಡ್ರಮ್ಮಿನ ವಾಲ್ಯೂಮ್ ಸಮತೋಲವನ್ನು ಹೊಂದಿಸುವ ಮುನ್ನ ಆ 800 ಹರ್ಟ್ಸ್ ಗಡಿಯನ್ನು ನೆನಪಿಸಿಕೊಳ್ಳಿ. ಕೀಬೋರ್ಡಿನ ನಡುವಿನ ‘ಸಿ’ ಸುಮಾರು 262 ಹರ್ಟ್ಸ್. ಗಡಿ ಬರುವುದು ಅದರ ಮೇಲಿನ ಸ್ಥಾಯಿಯ ‘ಜಿ’ ಹತ್ತಿರ. ನಾವು ಸಾಮಾನ್ಯವಾಗಿ ನುಡಿಸುವ ಸ್ವರಗಳ ಮೂಲ ನಾದ ಬಹುಪಾಲು ಡ್ರಮ್ಮಿಗೆ ಹೋಗುತ್ತದೆ, ಅವುಗಳ ಮೇಲುನಾದಗಳು ಹಾರ್ನ್‌ಗೆ ಹೋಗುತ್ತವೆ. ಒಂದೇ ಸ್ವರ ಎರಡು ತುಂಡಾಗಿ ಎರಡು ವೇಗದಲ್ಲಿ ಸುತ್ತುತ್ತದೆ. ಹಾಗಾಗಿ ಮೊದಲ ಮೂರು ಡ್ರಾಬಾರ್ ಮಾತ್ರ ಎಳೆದು ನಡುಭಾಗದಲ್ಲಿ ನುಡಿಸಿದರೆ ಹಾರ್ನ್‌ಗೆ ಹೆಚ್ಚು ಕೆಲಸವಿರುವುದಿಲ್ಲ. ಲೆಸ್ಲಿ ಕೇಳಿಸುತ್ತಿಲ್ಲ ಎಂದು ವೇಗ ಹೆಚ್ಚಿಸುವ ಬದಲು ಬಲಗಡೆಯ ಡ್ರಾಬಾರ್‌ಗಳನ್ನು ಸ್ವಲ್ಪ ಎಳೆದು ನೋಡಿ. ಹಾರ್ನ್ ಥಟ್ಟನೆ ಎದ್ದು ಬರುತ್ತದೆ.

ಇನ್ನು ಮೈಕುಗಳು. ಪ್ಲಗಿನ್ನಿನ ಚಿತ್ರದಲ್ಲಿ ಪೆಟ್ಟಿಗೆಯ ಸುತ್ತ ಕಾಣುವ ಮೈಕುಗಳನ್ನು ಅಲಂಕಾರವೆಂದು ತಿಳಿಯಬೇಡಿ. ಮೈಕ್ ಹತ್ತಿರವಿದ್ದಷ್ಟೂ ಬಾಯಿ ಎದುರಿಗೆ ಬಂದಾಗಿನ ಜೋರು ಹೆಚ್ಚು, ಮಿಡಿತ ಒರಟು. ದೂರ ಸರಿಸಿದಷ್ಟೂ ಕೋಣೆಯ ಪ್ರತಿಧ್ವನಿ ಬೆರೆತು ಮೃದುವಾಗುತ್ತದೆ. ರಾಕ್ ಹಾಡಿಗೆ ಹತ್ತಿರ, ಆರಾಧನೆಯ ಹಾಡಿಗೆ ದೂರ, ಇದು ನನ್ನ ರುಚಿ. ಎರಡು ಮೈಕುಗಳ ನಡುವಿನ ಕೋನವೂ ಬದಲಿಸುವಂತಿರುತ್ತದೆ. 180 ಡಿಗ್ರಿ, ಎಂದರೆ ಪೆಟ್ಟಿಗೆಯ ಎರಡು ಎದುರು ಬದಿಗಳಲ್ಲಿ ಮೈಕ್ ಇಟ್ಟರೆ ಹೆಡ್‌ಫೋನಿನಲ್ಲಿ ನಾದ ಎಡಕಿವಿಯಿಂದ ಬಲಕಿವಿಗೆ ಓಡಾಡುತ್ತದೆ. ಕೇಳಲು ಮಜವಾಗಿರುತ್ತದೆ, ಹಾಡಿನೊಳಗೆ ಕೂರುವುದಿಲ್ಲ. ನಿಜವಾದ ಲೆಸ್ಲಿಯ ಮುಂದೆ ಕುಳಿತವರ ತಲೆಯೊಳಗೆ ನಾದ ಹಾಗೆ ಓಡಾಡುವುದಿಲ್ಲ. ಅದು ಕೋಣೆಯ ಒಂದು ಕಡೆಯಿಂದಲೇ ಬರುತ್ತದೆ.

ಈ ಕೋನದ ವಿಚಾರ ವೇದಿಕೆಯಲ್ಲಿ ನಿಜಕ್ಕೂ ತೊಂದರೆ ಕೊಡುತ್ತದೆ. ಊರಿನ ಕಾರ್ಯಕ್ರಮಗಳ ಸೌಂಡ್ ಸಿಸ್ಟಮ್ ಬಹಳ ಕಡೆ ಮೊನೊ. ಎಡ ಬಲ ಎರಡೂ ಮಿಕ್ಸರಿನಲ್ಲಿ ಒಂದಾಗಿಬಿಡುತ್ತವೆ. ಮೈಕುಗಳು ಎದುರುಬದುರಾಗಿದ್ದರೆ ಎಡಗಡೆಯದು ಜೋರಾಗುವಾಗ ಬಲಗಡೆಯದು ಮೆಲ್ಲಗಾಗುತ್ತಿರುತ್ತದೆ. ಎರಡನ್ನೂ ಕೂಡಿಸಿದಾಗ ಏರಿಳಿತ ಬಹುಪಾಲು ಅಳಿಸಿಹೋಗುತ್ತದೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಗಂಟೆಗಟ್ಟಲೆ ಹೊಂದಿಸಿದ ನಾದ ಪೆಂಡಾಲಿನಲ್ಲಿ ಬರೀ ಮಬ್ಬು ಕೋರಸ್‌ನಂತೆ ಕೇಳುವುದು ಇದರಿಂದ. ಮೊನೊಗೆ ಹೋಗುವುದಾದರೆ ಒಂದೇ ಮೈಕ್ ಇಡಿ, ಇಲ್ಲವೇ ಕೋನವನ್ನು 60, 90 ಡಿಗ್ರಿಗೆ ಇಳಿಸಿ. ಮನೆಯಲ್ಲೇ ಒಮ್ಮೆ ಮೊನೊ ಗುಂಡಿ ಒತ್ತಿ ಕೇಳಿಕೊಂಡು ಹೊರಡಿ. ಕೀಬೋರ್ಡಿನ ಎಡ ಔಟ್‌ಪುಟ್ಟನ್ನು ಮಾತ್ರ ಮಿಕ್ಸರಿಗೆ ಕೊಟ್ಟರೂ ಕೆಲಸ ನಡೆಯುತ್ತದೆ, ಆ ಜಾಕ್ ಎರಡನ್ನೂ ಕೂಡಿಸಿ ಕೊಡುವಂಥದ್ದಲ್ಲ ಎಂದು ಮೊದಲೇ ನೋಡಿಕೊಂಡಿದ್ದರೆ.

ಡ್ರೈವ್ ಅಥವಾ ಓವರ್‌ಡ್ರೈವ್ ಬಗ್ಗೆ ಒಂದೇ ಮಾತು: ಅದು ತಿರುಗುವುದಕ್ಕೆ ಮೊದಲು ಬರಬೇಕು. ಅಸಲಿಯಲ್ಲಿ ವಾಲ್ವ್ ಆಂಪ್ಲಿಫೈಯರ್ ನಾದವನ್ನು ಒರಟಾಗಿಸುತ್ತದೆ, ಒರಟಾದ ನಾದ ಆಮೇಲೆ ಹಾರ್ನ್‌ನಲ್ಲಿ ಸುತ್ತುತ್ತದೆ. ತಿರುಗಿದ ನಾದಕ್ಕೆ ಡಿಸ್ಟಾರ್ಶನ್ ಹಾಕಿದರೆ ಜೋರು ಮೆಲ್ಲಗಿನ ವ್ಯತ್ಯಾಸವನ್ನೇ ಅದು ಚಪ್ಪಟೆ ಮಾಡುತ್ತದೆ. ರಿವರ್ಬ್ ತಿರುಗಿದ ಮೇಲೆ ಬರಲಿ, ಕೋಣೆ ಇರುವುದು ಪೆಟ್ಟಿಗೆಯ ಹೊರಗೆ. ವಾಲ್ವ್ ಒರಟನ್ನು ಎಕ್ಸ್‌ಪ್ರೆಶನ್ ಪೆಡಲ್‌ಗೆ ಬಿಟ್ಟುಕೊಡುವುದು ಚೆಂದ; ಮೆಲ್ಲಗೆ ಒತ್ತಿದಾಗ ಶುಭ್ರವಾಗಿದ್ದು ಪೂರ್ತಿ ಒತ್ತಿದಾಗ ಮಾತ್ರ ಗುರುಗುಟ್ಟುವಷ್ಟು.

ಇಷ್ಟೆಲ್ಲ ಹೊಂದಿಸಿದ ಮೇಲೆ ಉಳಿಯುವುದು ನುಡಿಸುವ ಕೈ. ಹ್ಯಾಮಂಡ್‌ನಲ್ಲಿ ವೇಗ ಬದಲಿಸುವ ಅರ್ಧಚಂದ್ರಾಕಾರದ ಸ್ವಿಚ್ ಕೆಳಗಿನ ಕೀಸಾಲಿನ ಎಡಗಡೆ ಇರುತ್ತಿತ್ತು, ಎಡಗೈಗೆ ಸುಲಭವಾಗಿ ಸಿಗುವಂತೆ. ನಮ್ಮ ಮಿಡಿ ಕೀಬೋರ್ಡಿನ ಎಡಗಡೆ ಮಾಡ್ಯುಲೇಶನ್ ವೀಲ್ ಇದೆ. ಅನೇಕ ಪ್ಲಗಿನ್‌ಗಳು ಅದನ್ನೇ ವೇಗದ ಸ್ವಿಚ್ ಮಾಡಿಕೊಂಡಿವೆ. ಅದಕ್ಕಿಂತ ನನಗೆ ಮೆಚ್ಚಿಗೆಯಾಗುವುದು ಸಸ್ಟೇನ್ ಪೆಡಲ್ಲನ್ನು ಈ ಕೆಲಸಕ್ಕೆ ಹಚ್ಚುವುದು. ಪಿಯಾನೊದಂತೆ ಹ್ಯಾಮಂಡ್‌ಗೆ ಸಸ್ಟೇನ್ ಪೆಡಲ್ ಇರಲೇ ಇಲ್ಲ, ಅದನ್ನು ಒತ್ತಿ ಆರ್ಗನ್ ನುಡಿಸಿದರೆ ಸ್ವರಗಳು ಕಲಸುಮೇಲೋಗರವಾಗುತ್ತವೆ. ವೇಗಕ್ಕೆ ಕೊಟ್ಟರೆ ಪಾದಕ್ಕೆ ಕೆಲಸ ಸಿಗುತ್ತದೆ, ಎರಡೂ ಕೈಗಳು ಕೀಗಳ ಮೇಲೆಯೇ ಉಳಿಯುತ್ತವೆ. ಒಮ್ಮೆ ಒತ್ತಿದರೆ ವೇಗ, ಮತ್ತೆ ಒತ್ತಿದರೆ ನಿಧಾನ ಎಂದು ಹೊಂದಿಸಿಕೊಳ್ಳಿ.

ಯಾವಾಗ ಒತ್ತಬೇಕು? ಹಾರ್ನ್ ವೇಗ ಹಿಡಿಯಲು ಒಂದು ಸೆಕೆಂಡ್ ಬೇಕಲ್ಲ, ಆದ್ದರಿಂದ ಪಲ್ಲವಿಯ ಮೊದಲ ಪೆಟ್ಟಿನಲ್ಲಿ ಮಿನುಗು ಬೇಕಿದ್ದರೆ ಅದಕ್ಕೂ ಒಂದೆರಡು ಪೆಟ್ಟು ಮೊದಲೇ ಪಾದ ಕೆಳಗಿಳಿದಿರಬೇಕು. ಸಾಲಿನ ಕೊನೆಯ ದೀರ್ಘ ಸ್ವರಮೇಳವನ್ನು ಹಿಡಿದಿಟ್ಟುಕೊಂಡೇ ವೇಗದಿಂದ ನಿಧಾನಕ್ಕೆ ಇಳಿಸಿ. ಕೈ ಏನೂ ಮಾಡದಿದ್ದರೂ ನಾದ ತಾನಾಗಿ ಶಾಂತವಾಗುತ್ತದೆ. ಇಡೀ ಹಾಡನ್ನು ವೇಗದ ಸುತ್ತಿನಲ್ಲೇ ನುಡಿಸುವ ಅಭ್ಯಾಸ ನಮ್ಮಲ್ಲಿ ತುಂಬಾ ಕಡೆ ಇದೆ. ದಯವಿಟ್ಟು ಅದನ್ನು ಬಿಡಿ. ನಿಧಾನವೇ ಆರ್ಗನ್ನಿನ ಸಹಜ ಸ್ಥಿತಿ ಎಂದುಕೊಂಡು, ವೇಗವನ್ನು ಬೇಕೆನಿಸಿದ ಕಡೆಗೆ ಮಾತ್ರ ಕಾದಿಟ್ಟರೆ ಅದಕ್ಕೆ ಬೆಲೆ ಬರುತ್ತದೆ.

ರಾಗದ ಛಾಯೆಯಿರುವ ಹಾಡುಗಳಲ್ಲಂತೂ ಇದು ಇನ್ನೂ ಮುಖ್ಯ. ಕಂಪಿತದಂಥ ಗಮಕದಲ್ಲಿ ಯಾವ ಸ್ವರ ಎಷ್ಟು ಅಲುಗಬೇಕೆಂದು ಹಾಡುವವರು ನಿರ್ಧರಿಸುತ್ತಾರೆ. ಗಾಂಧಾರ ಅಲುಗಿದರೂ ಪಂಚಮ ನಿಶ್ಚಲವಾಗಿ ನಿಲ್ಲುತ್ತದೆ. ಹಾರ್ನ್ ಹಾಗೆ ಆರಿಸುವುದಿಲ್ಲ. ಅದು ಷಡ್ಜ ಪಂಚಮಗಳನ್ನೂ ಸೇರಿಸಿ ತನ್ನ ಪಾಲಿಗೆ ಬಂದ ಎಲ್ಲವನ್ನೂ ಎರಡೂ ಕಡೆಗೆ 40 ಸೆಂಟ್ ತೂಗುತ್ತದೆ. ಗಾಯಕರ ಕಂಠದ ಕೆಳಗೆ ಇಂಥ ಆರ್ಗನ್ ಹರಡಿದರೆ ಅವರ ಶ್ರುತಿಗೆ ಆಧಾರವೇ ತಪ್ಪುತ್ತದೆ. ಅಲ್ಲಿ ನಿಧಾನದ ಸುತ್ತು ಇಡಿ, ಅಥವಾ ಬ್ರೇಕ್ ಹಾಕಿ ಪೂರ್ತಿ ನಿಲ್ಲಿಸಿ. ಬ್ರೇಕ್ ಹಾಕಿದಾಗ ಹಾರ್ನ್ ಯಾವ ದಿಕ್ಕಿಗೆ ನಿಲ್ಲಬೇಕೆಂದು ಕೇಳುವ ಗುಂಡಿ ಇದ್ದರೆ ಮುಂದಕ್ಕೆ ನಿಲ್ಲಿಸಿ. ಹಿಂದಕ್ಕೆ ನಿಂತರೆ ನಾದ ಮಂಕಾಗುತ್ತದೆ.

ಈ ವಾರ ಬಿಡುವಾದಾಗ ಒಂದು ಪ್ರಯೋಗ ಮಾಡಿ. ನಿಮ್ಮ ಪ್ಲಗಿನ್ನಿನಲ್ಲಿ ಬೇರೇನನ್ನೂ ಮುಟ್ಟದೆ ಡ್ರಮ್ ಏರುವ, ಇಳಿಯುವ ಸಮಯವನ್ನು ಮಾತ್ರ ಐದು ಸೆಕೆಂಡಿಗೆ ಒಯ್ಯಿರಿ. ಎಡಗೈಯಲ್ಲಿ ನಡುಭಾಗದ ಮೂರು ಸ್ವರ, ಬಲಗೈಯಲ್ಲಿ ಎರಡು ಸ್ಥಾಯಿ ಮೇಲಿನ ಒಂದು ಸ್ವರ ಹಿಡಿದು ಸ್ವಿಚ್ ಒತ್ತಿ, ನಾದ ಪೂರ್ತಿ ನೆಲೆಗೊಳ್ಳುವವರೆಗೆ ಕಾಯಿರಿ. ಮತ್ತೆ ಒತ್ತಿ, ಮತ್ತೆ ಕಾಯಿರಿ. ಹೆಡ್‌ಫೋನಿನಲ್ಲಿ ಒಮ್ಮೆ, ಸ್ಪೀಕರಿನಲ್ಲಿ ಒಮ್ಮೆ, ಮೊನೊದಲ್ಲಿ ಒಮ್ಮೆ ಕೇಳಿ. ಒಪ್ಪಿಗೆಯಾದರೆ ಆ ಹೊಂದಿಕೆಯನ್ನು ಒಂದು ಹೆಸರಿಟ್ಟು ಪ್ರಿಸೆಟ್ ಆಗಿ ಉಳಿಸಿಕೊಳ್ಳಿ, ಅಂಕಿಗಳನ್ನು ಒಂದು ಕಾಗದದಲ್ಲೂ ಬರೆದಿಡಿ. ಪ್ಲಗಿನ್ ಬದಲಾದರೂ ಅವೇ ಅಂಕಿಗಳು ಹೊಸದರಲ್ಲೂ ಕೆಲಸಕ್ಕೆ ಬರುತ್ತವೆ.